ದಾವಾ ಷೆಡ್ಯೂಲಿನಲ್ಲಿ ಕೊನೆಯಾಗುವ ಗಳಿಕೆ

ದಾವಣಗೆರೆಯ ಸಿವಿಲ್ ನ್ಯಾಯಾಲಯಗಳಲ್ಲಿ ಪಾಲುವಿಭಾಗದ ದಾವೆಗಳನ್ನೇ ಹೆಚ್ಚಾಗಿ ನಡೆಸುವ ನನಗೆ ಮನುಷ್ಯರ ಗಳಿಕೆ ಕಾಣಸಿಗುವುದು ಅದರ ಕೊನೆಯ ಹಂತದಲ್ಲಿ. ಗಳಿಸಿದವರು ತೀರಿಕೊಂಡಿರುತ್ತಾರೆ, ಅವರು ಜೀವಮಾನವಿಡೀ ಕೂಡಿಸಿದ್ದೆಲ್ಲ ವಾದಪತ್ರದ ಕೊನೆಯಲ್ಲಿ ಸರ್ವೆ ನಂಬರು, ವಿಸ್ತೀರ್ಣ ಮತ್ತು ಚಕ್ಕುಬಂದಿಯ ವಿವರಗಳೊಂದಿಗೆ ದಾವಾ ಷೆಡ್ಯೂಲಾಗಿ ಪಟ್ಟಿಗೊಂಡಿರುತ್ತದೆ. 1997ರಲ್ಲಿ ದಾವಣಗೆರೆ ಪ್ರತ್ಯೇಕ ಜಿಲ್ಲೆಯಾಗುವ ಮೊದಲಿನ ಕ್ರಯಪತ್ರಗಳಲ್ಲಿ ‘ಚಿತ್ರದುರ್ಗ ಜಿಲ್ಲೆ, ದಾವಣಗೆರೆ ತಾಲ್ಲೂಕು’ ಎಂದೇ ಇರುತ್ತದೆ. ಅಂಥ ಹಳೆಯ ಪತ್ರಗಳಿಂದ ಹಿಡಿದು ತೀರಿಕೊಳ್ಳುವ ವರ್ಷದವರೆಗಿನ ಕ್ರಯಪತ್ರಗಳನ್ನು ದಿನಾಂಕದ ಕ್ರಮದಲ್ಲಿ ಜೋಡಿಸಿ ಓದಿದರೆ, ಆ ವ್ಯಕ್ತಿಯ ಬದುಕು ಯಾವ ಹಂತದಲ್ಲಿ ದಾರಿ ಬದಲಿಸಿತು ಎಂಬುದು ಸ್ಪಷ್ಟವಾಗಿ ತಿಳಿಯುತ್ತದೆ.

ಇಲ್ಲಿ ಯಾವುದೇ ಒಂದು ಕುಟುಂಬದ ಕಥೆಯನ್ನು ಹೇಳುತ್ತಿಲ್ಲ. ಹಲವು ಕಡತಗಳಲ್ಲಿ ಮತ್ತೆ ಮತ್ತೆ ಕಾಣುವುದನ್ನು ಒಟ್ಟುಗೂಡಿಸಿ ಹೇಳುತ್ತಿದ್ದೇನೆ. ಎಪಿಎಂಸಿಯಲ್ಲಿ ಮೆಕ್ಕೆಜೋಳದ ವ್ಯಾಪಾರ ಮಾಡುತ್ತಿದ್ದವರೊಬ್ಬರನ್ನು ಊಹಿಸಿಕೊಳ್ಳಿ. ಮೊದಲ ಖರೀದಿ ವಾಸಕ್ಕೆ ಮನೆ, ಎರಡನೆಯದು ಮಗಳ ಮದುವೆಗೆಂದು ಸೈಟು, ಮೂರನೆಯದು ಮಗನ ಓದಿಗೆ ಆಧಾರವಾಗಲೆಂದು ಇನ್ನೊಂದು ಸೈಟು. ಈ ಮೂರಕ್ಕೂ ಕಾರಣವಿದೆ. ನಾಲ್ಕನೆಯದರಿಂದ ಮುಂದಿನವುಗಳಿಗೆ ಬೆಲೆ ಏರುತ್ತಿದೆ ಎಂಬುದೊಂದೇ ಕಾರಣ. ಕೈಯಲ್ಲಿ ಹಣವಿಲ್ಲದಿದ್ದರೂ ಕೊಳ್ಳಬೇಕೆನಿಸಿ, ನೂರಕ್ಕೆ ತಿಂಗಳಿಗೆ ಎರಡು ರೂಪಾಯಿ ಬಡ್ಡಿಯಂತೆ ಕೈಸಾಲ ತರುತ್ತಾರೆ. ಇಪ್ಪತ್ತು ಲಕ್ಷ ರೂಪಾಯಿಗೆ ಈ ದರದಲ್ಲಿ ತಿಂಗಳಿಗೆ ನಲವತ್ತು ಸಾವಿರ, ಐದು ವರ್ಷಕ್ಕೆ ಇಪ್ಪತ್ತನಾಲ್ಕು ಲಕ್ಷ ಬಡ್ಡಿಯಾಗುತ್ತದೆ. ಅಸಲು ಹಾಗೆಯೇ ಉಳಿದಿರುತ್ತದೆ. ಆ ಬಡ್ಡಿ ಹುಟ್ಟುವುದು ಮನೆಯ ಖರ್ಚಿನಿಂದ, ಮುಂದೂಡಿದ ಮಂಡಿಯ ಶಸ್ತ್ರಚಿಕಿತ್ಸೆಯಿಂದ, ಮಕ್ಕಳೊಂದಿಗೆ ಕಳೆಯದೆ ಹೋದ ಸಂಜೆಗಳಿಂದ.

ಖಾಲಿ ಸೈಟು ತಾನೇ ಒಂದು ಕೆಲಸ. ಕಂದಾಯ ಕಟ್ಟಬೇಕು, ಬೇಲಿ ಹಾಕಬೇಕು, ಪಕ್ಕದವರು ಒತ್ತುವರಿ ಮಾಡಿದ್ದಾರೆಯೇ ಎಂದು ಭಾನುವಾರಗಳಲ್ಲಿ ಹೋಗಿ ನೋಡಿ ಬರಬೇಕು. ಈ ಆತಂಕಕ್ಕೆ ಕಾನೂನಿನ ಆಧಾರವೂ ಇದೆ: ಬೇರೊಬ್ಬರು ಮಾಲೀಕನ ಹಕ್ಕನ್ನು ಅಲ್ಲಗಳೆದು ಬಹಿರಂಗವಾಗಿ, ನಿರಂತರವಾಗಿ 12 ವರ್ಷ ಸ್ವಾಧೀನದಲ್ಲಿದ್ದರೆ, ಕಾಲಮಿತಿ ಕಾಯ್ದೆಯ ಪ್ರಕಾರ ಮಾಲೀಕ ತನ್ನ ಹಕ್ಕನ್ನೇ ಕಳೆದುಕೊಳ್ಳಬಹುದು. ನೆಮ್ಮದಿಗಾಗಿ ಕೊಂಡ ಆಸ್ತಿಯನ್ನು ಕಾಯುವುದರಲ್ಲೇ ನೆಮ್ಮದಿ ಖರ್ಚಾಗುವುದನ್ನು ನಾನು ಎಷ್ಟೋ ಕಕ್ಷಿದಾರರಲ್ಲಿ ಕಂಡು ಮರುಗಿದ್ದೇನೆ.

ಉಯಿಲು ಬರೆಯದೆ ಅವರು ತೀರಿಕೊಂಡಾಗ ಮುಂದಿನ ಅಧ್ಯಾಯ ಶುರುವಾಗುತ್ತದೆ. ಹಿಂದೂ ಉತ್ತರಾಧಿಕಾರ ಕಾಯ್ದೆಯಂತೆ ಸ್ವಯಾರ್ಜಿತ ಆಸ್ತಿಯು ಹೆಂಡತಿ, ಗಂಡುಮಕ್ಕಳು, ಹೆಣ್ಣುಮಕ್ಕಳು ಹಾಗೂ ಬದುಕಿದ್ದರೆ ತಾಯಿಗೆ ಸಮನಾಗಿ ಸೇರುತ್ತದೆ. ಪಿತ್ರಾರ್ಜಿತ ಆಸ್ತಿಯಲ್ಲಿ ಹೆಣ್ಣುಮಕ್ಕಳಿಗೆ ಹುಟ್ಟಿನಿಂದಲೇ ಹಕ್ಕಿದೆ ಎಂದು 2005ರ ತಿದ್ದುಪಡಿ ಹೇಳಿತು. ತಿದ್ದುಪಡಿ ಜಾರಿಯಾದ ದಿನ ತಂದೆ ಬದುಕಿರಬೇಕಾಗಿಲ್ಲವೆಂದು ಸುಪ್ರೀಂ ಕೋರ್ಟ್ 2020ರಲ್ಲಿ ಸ್ಪಷ್ಟಪಡಿಸಿತು. ಆದರೂ ‘ತಂಗಿಗೆ ಮದುವೆಯಲ್ಲೇ ಕೊಟ್ಟಾಗಿದೆ’ ಎನ್ನುವ ಅಣ್ಣಂದಿರು ಹಕ್ಕುಬಿಡುಗಡೆ ಪತ್ರಕ್ಕೆ ಸಹಿ ಕೇಳುತ್ತಾರೆ, ಆಕೆ ಒಪ್ಪುವುದಿಲ್ಲ, ದಾವೆ ದಾಖಲಾಗುತ್ತದೆ. ಆಸ್ತಿಯನ್ನು ಪರಭಾರೆ ಮಾಡದಂತೆ ತಾತ್ಕಾಲಿಕ ತಡೆಯಾಜ್ಞೆ ಬಂದರೆ, ಕೋಟಿ ಬೆಲೆಯ ಸೈಟನ್ನು ಮಾರಿ ತಾಯಿಯ ಔಷಧಿಗೆ ಹಣ ಹೊಂದಿಸುವುದಕ್ಕೂ ನ್ಯಾಯಾಲಯದ ಅನುಮತಿ ಬೇಕಾಗುತ್ತದೆ. ಮೊದಲು ಪ್ರಾಥಮಿಕ ಡಿಕ್ರಿಯಲ್ಲಿ ಯಾರಿಗೆ ಎಷ್ಟು ಪಾಲೆಂದು ನಿರ್ಧಾರವಾಗಿ, ಆಮೇಲೆ ಅಂತಿಮ ಡಿಕ್ರಿಯ ಹಂತದಲ್ಲಿ ಅಳತೆ, ಹಂಚಿಕೆ, ಸ್ವಾಧೀನ. ಕಂದಾಯ ಜಮೀನಾದರೆ ವಿಭಜನೆಯ ಕೆಲಸ ಜಿಲ್ಲಾಧಿಕಾರಿಗಳ ಮೂಲಕ ನಡೆಯಬೇಕು. ನಡುವೆ ಮೇಲ್ಮನವಿಗಳು ಬಂದರೆ ದಾವೆ ಹೂಡಿದವರ ಮಕ್ಕಳೇ ವಾರಸುದಾರರಾಗಿ ಕಡತದೊಳಗೆ ಸೇರುವಷ್ಟು ಕಾಲ ಹಿಡಿಯುತ್ತದೆ. ವಾಸದ ಮನೆಯನ್ನು ಭಾಗಿಸಲು ಬಾರದಿದ್ದರೆ, ಅರ್ಧ ಅಥವಾ ಅದಕ್ಕಿಂತ ಹೆಚ್ಚು ಪಾಲುಳ್ಳವರ ಕೋರಿಕೆಯ ಮೇಲೆ ಅದನ್ನು ಮಾರಿ ಹಣ ಹಂಚಲು 1893ರ ವಿಭಜನಾ ಕಾಯ್ದೆ ಅವಕಾಶ ಕೊಡುತ್ತದೆ. ಮಕ್ಕಳೆಲ್ಲ ಒಂದೇ ಸೂರಿನಡಿ ಇರಲೆಂದು ಕಟ್ಟಿಸಿದ ಮನೆ ಹೀಗೆ ಹರಾಜಿಗೆ ಬರುವಾಗ ಅಣ್ಣತಮ್ಮಂದಿರು ಒಬ್ಬರ ಮುಖ ಒಬ್ಬರು ನೋಡುವುದಿಲ್ಲ.

ದಾವೆಯೇ ಬರದ ಹಣದ ಪಾಡೂ ಇದೆ. ಹತ್ತು ವರ್ಷ ಅಥವಾ ಹೆಚ್ಚು ಕಾಲ ಯಾರೂ ಕೇಳದ ಠೇವಣಿಗಳನ್ನು ಬ್ಯಾಂಕುಗಳು 2014ರಿಂದ ರಿಸರ್ವ್ ಬ್ಯಾಂಕಿನ ಪ್ರತ್ಯೇಕ ನಿಧಿಗೆ ವರ್ಗಾಯಿಸುತ್ತಿವೆ. 2024ರ ಮಾರ್ಚ್ ಅಂತ್ಯಕ್ಕೆ ಆ ನಿಧಿಯಲ್ಲಿದ್ದ ಮೊತ್ತ 78,213 ಕೋಟಿ ರೂಪಾಯಿ. ವಾರಸುದಾರರು ಇಂಥ ಠೇವಣಿಗಳನ್ನು ‘ಉದ್ಗಮ್’ ಜಾಲತಾಣದಲ್ಲಿ ಹುಡುಕಿ, ಸಂಬಂಧಪಟ್ಟ ಬ್ಯಾಂಕಿನಿಂದ ಕೇಳಿ ಪಡೆಯಬಹುದು. ಹೆಂಡತಿಗೂ ಹೇಳದೆ, ತಾವೂ ಬಳಸದೆ ಇಟ್ಟ ಎಷ್ಟು ಜನರ ದುಡಿಮೆ ಅದರಲ್ಲಿ ಸೇರಿರಬಹುದು ಎಂದು ಯೋಚಿಸಿದರೆ ಸಂಕಟವಾಗುತ್ತದೆ.

ಹಾಗೆಂದು ಹಣವೇ ಬೇಡವೆನ್ನುವ ಉಪದೇಶವನ್ನು ನಾನು ಒಪ್ಪಲಾರೆ. ಜಗಳೂರು, ಚಳ್ಳಕೆರೆಯ ಕಡೆ ಮಳೆ ಕೈಕೊಟ್ಟ ವರ್ಷ ಕೊಳವೆಬಾವಿಯೂ ಬತ್ತಿದ ರೈತನಿಗೆ ಬ್ಯಾಂಕಿನಲ್ಲಿರುವ ಒಂದು ಲಕ್ಷ ರೂಪಾಯಿ ಎಂದರೆ ಊರು ಬಿಡದೆ ಉಳಿಯುವ ಧೈರ್ಯ. ಅಗತ್ಯ ಮುಗಿದ ಮೇಲೂ ನಿಲ್ಲದ ಗಳಿಕೆಯ ಬಗ್ಗೆ ಮಾತ್ರ ನನ್ನ ತಕರಾರು. ಅಂಥ ಗಳಿಕೆ ಮಕ್ಕಳಿಗಾಗಿ ಎಂಬ ಮಾತನ್ನು ನಾನು ಈಗ ಸುಲಭವಾಗಿ ನಂಬುವುದಿಲ್ಲ, ಏಕೆಂದರೆ ನ್ಯಾಯಾಲಯದ ಕಟಕಟೆಯಲ್ಲಿ ನಿಂತು ಅಪ್ಪನ ಬಗ್ಗೆ ಸಾಕ್ಷ್ಯ ನುಡಿಯುವ ಮಕ್ಕಳಲ್ಲಿ ಅನೇಕರಿಗೆ ಅಪ್ಪ ಕೊಂಡ ಜಮೀನಿನ ಗುಂಟೆಗಳು ಗೊತ್ತು, ಅಪ್ಪನ ಇಷ್ಟಾನಿಷ್ಟಗಳು ಗೊತ್ತಿಲ್ಲ.

ಈ ಗೋಜಲಿಗೆ ಹೆದರಿ ಕೆಲವರು ಬದುಕಿರುವಾಗಲೇ ಎಲ್ಲವನ್ನೂ ಮಕ್ಕಳಿಗೆ ದಾನಪತ್ರ ಮಾಡಿಕೊಟ್ಟು, ಬಳಿಕ ಊಟಕ್ಕೂ ಕೈಚಾಚುವ ಸ್ಥಿತಿಗೆ ಬರುತ್ತಾರೆ. ತಮ್ಮನ್ನು ನೋಡಿಕೊಳ್ಳಬೇಕೆಂಬ ಷರತ್ತಿನೊಂದಿಗೆ ಕೊಟ್ಟಿದ್ದು, ಮಕ್ಕಳು ಅದನ್ನು ಪಾಲಿಸದಿದ್ದರೆ, 2007ರ ಹಿರಿಯ ನಾಗರಿಕರ ಕಾಯ್ದೆಯ 23ನೇ ಕಲಮಿನಡಿ ಉಪವಿಭಾಗಾಧಿಕಾರಿಗಳ ನ್ಯಾಯಮಂಡಳಿ ಆ ಪತ್ರವನ್ನು ರದ್ದುಪಡಿಸಬಹುದು. ಆದ್ದರಿಂದ ಷರತ್ತನ್ನು ಪತ್ರದಲ್ಲೇ ಬರೆಸಿರಿ. ಅದೇ ಕಾಯ್ದೆಯಡಿ ಜೀವನಾಂಶ ತಿಂಗಳಿಗೆ ಹತ್ತು ಸಾವಿರ ರೂಪಾಯಿ ಮೀರುವಂತಿಲ್ಲ. ಕೋಟಿಗಳ ಒಡೆಯರಾಗಿದ್ದವರು ಆ ಮೊತ್ತಕ್ಕಾಗಿ ಅರ್ಜಿ ಹಿಡಿದು ಬರುವುದನ್ನು ನೋಡುವುದು ನನ್ನ ವೃತ್ತಿಯ ಅತ್ಯಂತ ಕಷ್ಟದ ಭಾಗ.

ಉಯಿಲಿಗೆ ಇಬ್ಬರು ಸಾಕ್ಷಿಗಳ ಸಹಿ ಬೇಕು, ನೋಂದಣಿ ಕಡ್ಡಾಯವಲ್ಲ. ಇದಕ್ಕೆ ಹೆಚ್ಚು ಸಮಯ ಹಿಡಿಯುವುದಿಲ್ಲ. ಆದರೆ ಉಯಿಲು ಬರೆಸಲು ಬಂದವರಿಗೆ ಯಾವ ಆಸ್ತಿ ಯಾರಿಗೆ ಎಂದು ಕೇಳುವ ಮೊದಲು, ಇವುಗಳಲ್ಲಿ ನೀವು ಮತ್ತು ನಿಮ್ಮ ಮನೆಯವರು ಬಳಸುತ್ತಿರುವುದು ಯಾವುದು ಎಂದು ಕೇಳುತ್ತೇನೆ. ಬಹಳ ಮಂದಿ ವಾಸದ ಮನೆಯೊಂದನ್ನೇ ಹೇಳುತ್ತಾರೆ. ಹಾಗಾದರೆ ಉಳಿದವುಗಳಲ್ಲಿ ಒಂದನ್ನು ಈಗಲೇ ಮಾರಿ, ಕೈಸಾಲ ತೀರಿಸಿ, ಮುಂದೂಡಿದ ಚಿಕಿತ್ಸೆ ಮಾಡಿಸಿಕೊಂಡು, ಆಮೇಲೆ ಉಯಿಲು ಬರೆಯೋಣ ಬನ್ನಿ ಎಂದು ಹೇಳಿ ಕಳಿಸುತ್ತೇನೆ.