ಗೋಡೆಗಿಂತ ಗಾಜೇ ಹೆಚ್ಚು

ಇಂಗ್ಲೆಂಡಿನ ಡರ್ಬಿಶೈರ್‌ನ ಗುಡ್ಡವೊಂದರ ನೆತ್ತಿಯಲ್ಲಿ ಹಾರ್ಡ್‌ವಿಕ್ ಹಾಲ್ ಇದೆ. ಅದೇ ಗುಡ್ಡದಿಂದ ತೆಗೆದ ಮರಳುಗಲ್ಲಿನಲ್ಲಿ 1590ರಲ್ಲಿ ಕಟ್ಟಲು ಶುರು ಮಾಡಿದ ಮನೆ. 1597ರಲ್ಲಿ ಒಡತಿ ಬೆಸ್ ಇಲ್ಲಿಗೆ ವಾಸಕ್ಕೆ ಬಂದಾಗ ಆಕೆಗೆ ಎಪ್ಪತ್ತರ ಆಸುಪಾಸು. ‘ಹಾರ್ಡ್‌ವಿಕ್ ಹಾಲ್, ಗೋಡೆಗಿಂತ ಗಾಜೇ ಹೆಚ್ಚು’ ಎಂದು ಅಲ್ಲಿನವರು ಪ್ರಾಸ ಕಟ್ಟಿ ಹೇಳುತ್ತಾರೆ.

ಕಬ್ಬಿಣದ ತೊಲೆ, ಕಾಂಕ್ರೀಟ್ ಇಲ್ಲದ ಕಾಲದಲ್ಲಿ ಇದು ಸಾಧ್ಯವಾದದ್ದು ಹೇಗೆ? ಕಲ್ಲು ಎಷ್ಟು ಭಾರ ಹೇರಿದರೂ ತಡೆದೀತು, ಎಳೆತ ತಡೆಯದು. ಅಗಲದ ಕಿಂಡಿಯ ಮೇಲೆ ಉದ್ದನೆಯ ಕಲ್ಲು ಅಡ್ಡ ಇಟ್ಟರೆ ಅದು ಕೂದಲೆಳೆಯಷ್ಟು ಬಾಗಿದರೂ ಸಾಕು, ಅಡಿಭಾಗ ಹಿಗ್ಗಿ ಬಿರುಕು ಬಿಡುತ್ತದೆ. ಅದಕ್ಕೇ ಇಲ್ಲಿನ ಒಂದೊಂದು ಕಿಟಕಿಯನ್ನೂ ತೆಳು ಕಲ್ಲುಕಂಬ, ಅಡ್ಡಪಟ್ಟಿಗಳಿಂದ ಚೌಕ ಚೌಕವಾಗಿ ಸೀಳಿದ್ದಾರೆ. ಯಾವ ಕಲ್ಲಿಗೂ ಹೆಚ್ಚು ದೂರ ಚಾಚುವ ಪಾಡಿಲ್ಲ. ಗಾಜೂ ಅಷ್ಟೆ: ಆಗ ದೊಡ್ಡ ಹಾಳೆ ಮಾಡುವುದು ಕಷ್ಟವಿತ್ತು. ಸಣ್ಣ ಬಿಲ್ಲೆಗಳನ್ನು ಸೀಸದ ಪಟ್ಟಿಯಲ್ಲಿ ಕೂರಿಸಿದ್ದಾರೆ. ಮೆತ್ತನೆಯ ಸೀಸ ಗಾಳಿಗೆ ಚೂರು ಬಾಗುತ್ತದೆ, ಗಾಜು ಉಳಿಯುತ್ತದೆ.

ನನಗೆ ಇನ್ನೂ ಹೆಚ್ಚು ಇಷ್ಟವಾಗುವುದು ಕಿಟಕಿಗಳ ಎತ್ತರ. ಮೇಲೆ ಹೋದಷ್ಟೂ ಅವು ದೊಡ್ಡವಾಗುತ್ತವೆ. ವೈಭವದ ಕೋಣೆಗಳೆಲ್ಲ ತುದಿಯ ಅಂತಸ್ತಿನಲ್ಲಿರುವುದು ಇದಕ್ಕೆ ಕಾರಣ. ಆದರೆ ಭಾರದ ಲೆಕ್ಕಕ್ಕೂ ಇದು ಸರಿಹೊಂದುತ್ತದೆ: ಮೇಲಿನ ಗೋಡೆ ಹೊರಬೇಕಾದದ್ದು ಚಾವಣಿಯನ್ನಷ್ಟೇ, ಅಲ್ಲಿ ಕಲ್ಲು ಕಡಿಮೆಯಾದರೂ ನಡೆಯುತ್ತದೆ. ನೆಟ್ಟಗೆ ನಿಲ್ಲಿಸಿದ ಕಾಗದ ಬೀಳುತ್ತದೆ, ಮಡಿಚಿದರೆ ನಿಲ್ಲುತ್ತದೆ. ಮನೆಯ ಸುತ್ತಲಿನ ಆರು ಗೋಪುರಗಳ ಮೂಲೆಗಳು ಗೋಡೆಗೆ ಅಂಥ ಮಡಿಕೆಗಳು.

ಇದರ ನಕ್ಷೆ ರಾಬರ್ಟ್ ಸ್ಮಿತ್‌ಸನ್‌ನದೆಂದು ಇತಿಹಾಸಕಾರರು ನಂಬುತ್ತಾರೆ. ಮೂಲತಃ ಆತ ಕಲ್ಲುಕುಟಿಗ. ಒಲೆ, ಹೊಗೆಗೂಡುಗಳು ಹೊರಗೋಡೆಯಲ್ಲಿದ್ದರೆ ಕಿಟಕಿಗೆ ಜಾಗವೆಲ್ಲಿ? ಬಹುತೇಕ ಅವನ್ನು ಮನೆಯ ನಡುವಿನ ದಪ್ಪ ಗೋಡೆಗೆ ಸರಿಸಲಾಯಿತು. ಬೆಂಕಿಯ ಕಾವೂ ಒಳಗೇ ಉಳಿಯುವಂತಾಯಿತು.

ಅಷ್ಟಾದರೂ ಒಂದೇ ಪದರದ ಗಾಜಿನಿಂದ ಶಾಖ ಸೋರುತ್ತಲೇ ಇತ್ತು. ಗೋಡೆಗಳಿಗೆ ತೂಗುಹಾಕಿದ ಉಣ್ಣೆಯ ಚಿತ್ರಪಟಗಳು ಚಂದಕ್ಕಷ್ಟೇ ಅಲ್ಲ, ತಣ್ಣನೆಯ ಕಲ್ಲಿಗೆ ಹೊದಿಕೆಯೂ ಆಗಿದ್ದವು.

ಕೆಲವು ಕಡೆ ಗಾಜಿನ ಹಿಂದೆ ಕೋಣೆಯೇ ಇಲ್ಲ, ಹೊಗೆಗೂಡಿದೆ. ಹೊರಗಿನ ಸಾಲು ತಪ್ಪಬಾರದೆಂದು ಅಲ್ಲೂ ಕಲ್ಲಿನ ಚೌಕಟ್ಟು ಕೆತ್ತಿ, ಸೀಸ ಬಾಗಿಸಿ, ಬಿಲ್ಲೆಗಳನ್ನು ಒಂದೊಂದಾಗಿ ಕೂರಿಸಿದ್ದಾರೆ.