ಚೌಬಾರಾದಿಂದ ನೌಬಾದ್‌ವರೆಗೆ: ಬೀದರಿನ ರಸ್ತೆ ತಕರಾರಿನ ಹಿನ್ನೆಲೆ

ರಸ್ತೆ ಅಗಲವಾಗುವುದೇ ಬೇಡ ಎನ್ನುವವರು ಬೀದರಿನಲ್ಲಿ ಹುಡುಕಿದರೂ ಸಿಗುವುದು ಕಷ್ಟ. ಮಾಲು ಇಳಿಸಲು ಲಾರಿ ನಿಲ್ಲಿಸಲಾಗದೆ ಒದ್ದಾಡುವ ಅಂಗಡಿಯವರೂ, ಓಣಿಯೊಳಗೆ ಆಂಬುಲೆನ್ಸ್ ತಿರುಗದ ಮನೆಯವರೂ ಅಗಲ ರಸ್ತೆಯನ್ನೇ ಕೇಳುತ್ತಾರೆ. ತಕರಾರು ಏಳುವುದು ಟೇಪು ಹಿಡಿದವರು ಬಂದು, ಗೋಡೆಗೆ ಕೆಂಪು ಬಾಣ ಎಳೆದು, ಪಕ್ಕದಲ್ಲಿ ಇಷ್ಟು ಮೀಟರ್ ಎಂದು ಬರೆದು ಹೋದ ಮೇಲೆ. ಸೆಂಟರ್ ಲೈನ್ ಎಲ್ಲಿಂದ ಹಿಡಿದರು? ಎದುರು ಸಾಲಿಗಿಂತ ನಮ್ಮ ಸಾಲಿಗೇ ಏಕೆ ಹೆಚ್ಚು ಬಂತು? ಮೂಲೆಯ ದೊಡ್ಡ ಕಟ್ಟಡದ ಹತ್ತಿರ ಗೆರೆ ಏಕೆ ಸೊಟ್ಟಗಾಯಿತು? ಜನರ ವಿರೋಧ ಎಂದು ಸುದ್ದಿಯಾಗುವುದೆಲ್ಲ ಬಹುಪಾಲು ಈ ಗೆರೆಯ ಮೇಲಿನ ಅನುಮಾನ.

ಊರಿನ ರಚನೆ ತಿಳಿಯದೆ ಈ ಅನುಮಾನ ಅರ್ಥವಾಗದು. 15ನೇ ಶತಮಾನದಲ್ಲಿ ಬಹಮನಿ ಸುಲ್ತಾನ ಅಹಮದ್ ಶಾಹ ಕಲಬುರಗಿಯಿಂದ ರಾಜಧಾನಿಯನ್ನು ಇಲ್ಲಿಗೆ ತಂದ. ಹಳೆ ಊರಿನ ಎರಡು ಮುಖ್ಯ ಬೀದಿಗಳು ಅಡ್ಡಹಾಯುವಲ್ಲಿ 71 ಅಡಿ ಎತ್ತರದ ದುಂಡನೆಯ ಕಾವಲು ಗೋಪುರ ಚೌಬಾರಾ ನಿಂತಿದೆ. ಅಲ್ಲಿಂದ ಕೋಟೆಯತ್ತ ಹೊರಟರೆ 1472ರಲ್ಲಿ ಪೂರ್ಣಗೊಂಡ ಮಹಮೂದ್ ಗವಾನ್ ಮದರಸಾ ಸಿಗುತ್ತದೆ. 1550ರ ದಶಕದಲ್ಲಿ ಬಹಮನಿಗಳ ನಂತರ ಇಲ್ಲಿ ಆಳಿದ ಬರೀದ್ ಶಾಹಿ ಮನೆತನದ ಅಲಿ ಬರೀದ್ ಊರಿನ ಸುತ್ತ ಗೋಡೆ ಎತ್ತಿಸಿದ. ಶಾಹಗಂಜ್, ಫತೇ, ಮಂಗಲಪೇಟೆ, ದುಲ್ಹನ್, ತಾಲಘಾಟ್ ಎಂಬ ಐದು ದರವಾಜೆಗಳನ್ನು ಬಿಟ್ಟ. ಕುದುರೆ, ಪಲ್ಲಕ್ಕಿಗಳಿಗೆ ಧಾರಾಳವಾಗಿದ್ದ ಬೀದಿಯಲ್ಲಿ ಈಗ ಆಟೊ, ಟೆಂಪೊ, ಬುಲೆಟ್ ಬೈಕು, ತಳ್ಳುಗಾಡಿ ಎಲ್ಲವೂ ಒಟ್ಟಿಗೆ ನುಗ್ಗಬೇಕು. ಬೀದಿಯನ್ನಾದರೂ ಹಿಗ್ಗಿಸಬಹುದು, ದರವಾಜೆಯನ್ನು ಹಿಗ್ಗಿಸುವುದು ಹೇಗೆ?

1956ರಲ್ಲಿ ಮೈಸೂರು ರಾಜ್ಯಕ್ಕೆ ಸೇರಿದ ಮೇಲೆ ಬೀದರ್ ಗೋಡೆಯಾಚೆಗೆ ಬೆಳೆಯಿತು. ವಾಯುಪಡೆ ನೆಲೆ, ಇಂಜಿನಿಯರಿಂಗ್ ಮತ್ತು ವೈದ್ಯಕೀಯ ಕಾಲೇಜುಗಳು, ಪಶುವೈದ್ಯಕೀಯ ವಿಶ್ವವಿದ್ಯಾಲಯ ಒಂದೊಂದಾಗಿ ಬಂದವು. 2011ರ ಜನಗಣತಿಯ ಹೊತ್ತಿಗೆ ನಗರದ ಜನಸಂಖ್ಯೆ 2 ಲಕ್ಷ 16 ಸಾವಿರ ಮುಟ್ಟಿತ್ತು. ಆಮೇಲೆ ಈ ಭಾಗಕ್ಕೆ ವಿಶೇಷ ಸ್ಥಾನಮಾನ ಕೊಟ್ಟ ಸಂವಿಧಾನದ 371(ಜೆ) ತಿದ್ದುಪಡಿ, ಅದರ ಬೆನ್ನಿಗೆ ಪ್ರದೇಶಾಭಿವೃದ್ಧಿ ಮಂಡಳಿಯ ಅನುದಾನ, 2017ರಲ್ಲಿ ಕಲಬುರಗಿ ರೈಲು ಮಾರ್ಗ, 2020ರಲ್ಲಿ ವಿಮಾನ. ಬಂದ ಜನರೆಲ್ಲ ಕೋಟೆ ನೋಡಲು ಹೋಗುವುದು ಮಾತ್ರ ಅದೇ ಹಳೆ ಬೀದಿಯಲ್ಲಿ.

ಹಳೆ ಊರಿನವರಿಗೆ ಇನ್ನೊಂದು ಗೆರೆಯೂ ಇದೆ. ಕೇಂದ್ರದ ಸಂರಕ್ಷಿತ ಸ್ಮಾರಕದ ಸುತ್ತ 100 ಮೀಟರ್ ನಿಷೇಧಿತ, ಅದರಾಚೆ 200 ಮೀಟರ್ ನಿಯಂತ್ರಿತ ಪ್ರದೇಶ ಎಂದು 1992ರಲ್ಲಿ ಅಧಿಸೂಚನೆ ಬಂತು. 2010ರ ತಿದ್ದುಪಡಿ ಅದನ್ನು ಪ್ರಾಚೀನ ಸ್ಮಾರಕಗಳ ಕಾಯ್ದೆಯೊಳಕ್ಕೇ ಸೇರಿಸಿ ಬಿಗಿ ಮಾಡಿತು. ಸಾರ್ವಜನಿಕ ಕಾಮಗಾರಿಗೆ ವಿನಾಯಿತಿ ಕೊಡುವ ಮಸೂದೆ 2018ರಲ್ಲಿ ಲೋಕಸಭೆ ದಾಟಿತಾದರೂ ರಾಜ್ಯಸಭೆಯಲ್ಲಿ ನಿಂತಿತು. ಮದರಸಾದ ಆಸುಪಾಸಿನವರ ಇಕ್ಕಟ್ಟು ಇದು: ಅಗಲೀಕರಣಕ್ಕೆ ಮನೆಯ ಮುಂಭಾಗ ಹೋದರೆ ಉಳಿದದ್ದರ ಮೇಲೆ ಒಂದು ಮಹಡಿ ಏರಿಸಿಕೊಳ್ಳೋಣವೆಂದರೂ ಆಗದು. ಸ್ಮಾರಕ ಉಳಿಯಲೇಬೇಕು, ಅದರಲ್ಲಿ ಎರಡು ಮಾತಿಲ್ಲ. ಆದರೆ ಅದರ ಬೆಲೆಯನ್ನು ಅಕ್ಕಪಕ್ಕದ ನಾಲ್ಕು ಮನೆಯವರೇ ತೆರಬೇಕೆನ್ನುವುದು ನ್ಯಾಯವಲ್ಲ.

ಪರಿಹಾರದ ಮಾತು ಬಂದಾಗ ಜಗಳ ಕಾಗದಪತ್ರಕ್ಕೆ ತಿರುಗುತ್ತದೆ. 2014ರ ಜನವರಿ 1ರಿಂದ ಜಾರಿಯಾದ ಭೂಸ್ವಾಧೀನ ಕಾಯ್ದೆಯ ಪ್ರಕಾರ ಮಾರುಕಟ್ಟೆ ಮೌಲ್ಯದ ಮೇಲೆ ಅಷ್ಟೇ ಮೊತ್ತವನ್ನು ಸಾಂತ್ವನ ಧನವಾಗಿ ಕೊಡಬೇಕು. ಓದಲು ಚೆನ್ನಾಗಿದೆ. ಆದರೆ ಆ ಮೌಲ್ಯದ ಲೆಕ್ಕ ನೋಂದಣಿ ದರದ ಮೇಲೆ ಹೋಗುತ್ತದೆ, ಊರಿನಲ್ಲಿ ನಡೆಯುವ ದರದ ಮೇಲಲ್ಲ. ಅಜ್ಜನ ಹೆಸರಿನಲ್ಲೇ ಉಳಿದ ಮನೆ, ಬಾಯಿಮಾತಿನ ವಾಟ್ನಿ (ಆಸ್ತಿ ಪಾಲು), ನಿಜಾಮರ ಕಾಲದ ಉರ್ದು ದಸ್ತಾವೇಜು, ಇವನ್ನಿಟ್ಟುಕೊಂಡು ಖಾತೆ ತೋರಿಸುವುದು ಹೇಗೆ? ಪಗಡಿ (ಮುಂಗಡವಾಗಿ ಕೊಡುವ ಇಡಿಗಂಟು) ಕೊಟ್ಟು ಬಾಡಿಗೆಗೆ ಕುಳಿತ ಅಂಗಡಿಯವನದು ಇನ್ನೂ ಕಷ್ಟ. ಜಾಗದ ಹಣ ಮಾಲೀಕನಿಗೆ ಹೋಗುತ್ತದೆ, ಗಿರಾಕಿಗಳನ್ನು ಕಳೆದುಕೊಳ್ಳುವವನು ಇವನು. ಹಣದ ಬದಲು ಟಿಡಿಆರ್ ಪತ್ರ, ಅಂದರೆ ಬೇರೆಡೆ ಹೆಚ್ಚುವರಿ ಕಟ್ಟಿಕೊಳ್ಳುವ, ಇಲ್ಲವೇ ಮಾರಿಕೊಳ್ಳುವ ಹಕ್ಕು ಕೊಡುವ ದಾರಿಯೂ ರಾಜ್ಯದ ಕಾಯ್ದೆಯಲ್ಲಿದೆ. ಬಹುಮಹಡಿ ಕಟ್ಟುವವರ ಪೈಪೋಟಿ ಇರುವ ಬೆಂಗಳೂರಿನಲ್ಲಿ ಅದಕ್ಕೆ ಗಿರಾಕಿ ಸಿಕ್ಕಾರು. ಎರಡಂತಸ್ತಿನ ಬೀದರಿನಲ್ಲಿ ಅದನ್ನು ಕೊಳ್ಳುವವರು ಯಾರು?

ಅಗಲೀಕರಣ ಮುಗಿದ ಬೀದಿಯನ್ನು ನಿಧಾನವಾಗಿ ನೋಡುತ್ತ ಹೋದರೆ ಮಿಕ್ಕ ದೂರುಗಳೂ ಕಣ್ಣಿಗೆ ಬೀಳುತ್ತವೆ. ಕತ್ತರಿಸಿದ ಪಡಸಾಲೆಯ ಗೋಡೆಯಲ್ಲಿ ಹಸಿರು ಬಣ್ಣದ ದೀಪದ ಗೂಡು ಬೀದಿಗೆ ಮುಖ ಮಾಡಿರುತ್ತದೆ. ಉಳಿದ ಐದಾರು ಅಡಿಗೆ ಶಟರ್ ಹಾಕಿ ಮೊಬೈಲ್ ಅಂಗಡಿ ಇಟ್ಟಿರುತ್ತಾರೆ. ಹಳೆ ಡಾಂಬರು ಕೆರೆಯದೆ ಪದರದ ಮೇಲೆ ಪದರ ಹಾಕಿದ್ದರಿಂದ ಹೊಸ್ತಿಲು ರಸ್ತೆಗಿಂತ ಕೆಳಗಿಳಿದು, ಮೃಗಶಿರಾ ಮಳೆಗೆ ಚರಂಡಿ ನೀರು ಒಳಗೆ ಬರುತ್ತದೆ. ರಸ್ತೆ ಮಾಡಿದ ಮೇಲೆ ಒಳಚರಂಡಿಗೆ ಅಗೆಯುತ್ತಾರೆ, ಅದನ್ನು ಮುಚ್ಚಿದ ಮೇಲೆ ನಲ್ಲಿಗೆ ಅಗೆಯುತ್ತಾರೆ. ಇದಕ್ಕೆ ಕಾಯ್ದೆಯೂ ಬೇಡ, ಅನುದಾನವೂ ಬೇಡ, ಇಲಾಖೆಗಳು ಒಂದು ದಿನ ಎದುರುಬದುರು ಕೂತರೆ ಸಾಕು. ಅದೊಂದೇ ಆಗುವುದಿಲ್ಲ.

ಹೊಸ ಬಡಾವಣೆಗಳ ಕಥೆ ತಿರುಗುಮುರುಗು. ಎನ್.ಎ. (ಕೃಷಿಯೇತರ ಪರಿವರ್ತನೆ) ಆಗದ ಹೊಲದಲ್ಲಿ ಪ್ಲಾಟು ಹಾಕಿದವರು ಕಾಗದದ ಮೇಲೆ ರಸ್ತೆ ಬಿಟ್ಟರು, ಮನೆ ಕಟ್ಟಿದವರು ಮೆಟ್ಟಿಲನ್ನು ಅದರ ಮೇಲೆ ಇಳಿಸಿದರು. ಈಗ ಅಲ್ಲಿನವರೇ ಅಗಲೀಕರಣಕ್ಕೆ ಅರ್ಜಿ ಹಿಡಿದು ಓಡಾಡುತ್ತಾರೆ, ತಮ್ಮ ಮೆಟ್ಟಿಲೊಂದನ್ನು ಬಿಟ್ಟು.

ಊರಂಚಿನ ನೌಬಾದ್ ಕಡೆಗಂತೂ ಗೆರೆ ನೆಲದಡಿಯಲ್ಲೂ ಇದೆ. ಬೀದರಿನ ಕೆಂಪು ಮುರಕಲ್ಲು ಮಳೆನೀರನ್ನು ಹೀರಿ ಕೆಳಗಿನ ಕಪ್ಪುಕಲ್ಲಿನ ಮೇಲೆ ನಿಲ್ಲಿಸುತ್ತದೆ. ಆ ನೀರನ್ನು ಸುರಂಗದಲ್ಲಿ ಹರಿಸಲು ಬಹಮನಿ ಕಾಲದಲ್ಲಿ ಕರೇಜ್ ತೋಡಿದರು. ಉದ್ದಕ್ಕೂ ಬಾವಿಯಂಥ ಗಾಳಿಗಿಂಡಿಗಳು. ಕೆಲವು ಕಸ, ಮಣ್ಣಿನಡಿ ಮುಚ್ಚಿಹೋಗಿದ್ದವು. ಹೂಳೆತ್ತುವ ಕೆಲಸ ಶುರುವಾದ ಮೇಲೆಯೇ ಅವು ಎಲ್ಲಿವೆ ಎಂದು ಎಷ್ಟೋ ಜನರಿಗೆ ಗೊತ್ತಾದದ್ದು. ಅಲ್ಲಿ ಹೊಸ ರಸ್ತೆಗೆ ಟೇಪು ಹಿಡಿಯುವವರು ಮನೆಗಳ ಜೊತೆಗೆ ಈ ಗಿಂಡಿಗಳನ್ನೂ ನಕ್ಷೆಯಲ್ಲಿ ಗುರುತಿಸಿ, ಆ ನಕ್ಷೆಯನ್ನು ಜೆಸಿಬಿ ಬರುವ ಮೊದಲೇ ವಾರ್ಡಿನಲ್ಲಿ ಅಂಟಿಸಬೇಕು.