ಸಿ ಗೆರೆ ಹೇಳುವುದೇನು, ಹೇಳದೆ ಬಿಡುವುದೇನು?

ಜ್ವರ ಬಂದವರ ಬೆರಳು ಚುಚ್ಚಿ, ಚೂರೇ ಚೂರು ರಕ್ತ ತೆಗೆದು ಮಲೇರಿಯಾ ಕಿಟ್‌ಗೆ ಹಾಕುತ್ತಾರೆ. ಮೇಲೆ ಕೆಲವು ಹನಿ ಬಫರ್, ಅಂದರೆ ಕಿಟ್‌ನ ಜೊತೆ ಬರುವ ದ್ರವ. ಕಾಲು ಗಂಟೆ ಕಾದರೆ ಗೆರೆ ಮೂಡುತ್ತದೆ. 'ಸಿ' (ಕಂಟ್ರೋಲ್) ಜೊತೆಗೆ 'ಟಿ' (ಟೆಸ್ಟ್) ಹತ್ತಿರವೂ ಬಂದರೆ ಮಲೇರಿಯಾ ಇದೆ, 'ಸಿ' ಹತ್ತಿರ ಮಾತ್ರ ಬಂದರೆ ಇಲ್ಲ. ಸಿ ಗೆರೆಯೇ ಬಾರದಿದ್ದರೆ? ಆಗ ಪರೀಕ್ಷೆ ಇನ್‌ವ್ಯಾಲಿಡ್. ಅಂದರೆ ಪರೀಕ್ಷೆ ನಡೆದೇ ಇಲ್ಲ ಅಂತ ಅರ್ಥ. ಅದನ್ನು 'ಕಾಯಿಲೆ ಇಲ್ಲ' ಅಂತ ಓದಿಕೊಂಡರೆ ಜೀವಕ್ಕೇ ಕುತ್ತು. ಮಲೇರಿಯಾದ ಅತಿ ಅಪಾಯಕಾರಿ ಬಗೆಯಾದ ಫಾಲ್ಸಿಪಾರಮ್ ಕೆಲವೇ ದಿನಗಳಲ್ಲಿ ಮಿದುಳಿಗೆ ಏರಬಹುದು.

ಈ ಗೆರೆಯ ಕಥೆ ಇಲಿಯಿಂದ ಶುರುವಾಗುತ್ತದೆ. 1975ರಲ್ಲಿ ಕೇಂಬ್ರಿಜ್‌ನಲ್ಲಿ ಕೋಹ್ಲರ್ ಮತ್ತು ಮಿಲ್‌ಸ್ಟೈನ್ ಎಂಬ ವಿಜ್ಞಾನಿಗಳು, ಇಲಿಯ ಜೀವಕೋಶಗಳಿಂದ ಒಂದೇ ಬಗೆಯ ಆಂಟಿಬಾಡಿಯನ್ನು (ಗೊತ್ತಾದ ಒಂದು ವಸ್ತುವನ್ನೇ ಹಿಡಿಯುವ ಪ್ರೋಟೀನ್) ಬೇಕಾದಷ್ಟು ಪಡೆಯುವ ದಾರಿ ಕಂಡುಕೊಂಡರು. 1988ರ ಹೊತ್ತಿಗೆ ಅದೇ ದಾರಿಯಲ್ಲಿ ಮನೆಯಲ್ಲೇ ಮಾಡುವ ಗರ್ಭ ಪರೀಕ್ಷೆಯ ಪಟ್ಟಿ ಬಂತು. 1990ರ ದಶಕದಲ್ಲಿ ಮಲೇರಿಯಾದ ಸರದಿ. ಅಲ್ಲಿಯವರೆಗೆ ಮೈಕ್ರೋಸ್ಕೋಪ್ ಬೇಕಿತ್ತು, ಅದರಲ್ಲಿ ಪರಾವಲಂಬಿಯನ್ನು ಗುರುತಿಸುವ ಕಣ್ಣೂ ಬೇಕಿತ್ತು. ಹಳ್ಳಿಯ ಆರೋಗ್ಯ ಕಾರ್ಯಕರ್ತೆಯ ಚೀಲಕ್ಕೆ ಅದು ಹಿಡಿಸುತ್ತಿರಲಿಲ್ಲ. ಕಿಟ್ ಹಿಡಿಸಿತು.

ಪಟ್ಟಿಯೊಳಗೆ ಚಿನ್ನದ ಅತಿಸಣ್ಣ ಕಣಗಳಿವೆ. ಅವುಗಳ ಮೇಲೆ ಇಲಿಯ ಆಂಟಿಬಾಡಿ ಕೂತಿದೆ. ರಕ್ತದಲ್ಲಿ ಎಚ್‌ಆರ್‌ಪಿ-2 ಎಂಬ ಫಾಲ್ಸಿಪಾರಮ್‌ನ ಪ್ರೋಟೀನ್ ಇದ್ದರೆ ಈ ಕಣಗಳು ಅದನ್ನು ಹಿಡಿದುಕೊಂಡು ಹೋಗಿ, ಟಿ ಗೆರೆಯಲ್ಲಿ ಅದೇ ಪ್ರೋಟೀನನ್ನು ಹಿಡಿಯಲು ಕೂತಿರುವ ಆಂಟಿಬಾಡಿಗೆ ಸಿಕ್ಕಿಕೊಳ್ಳುತ್ತವೆ. ಉಳಿದ ಕಣಗಳು ಮುಂದೆ ಹರಿಯುತ್ತವೆ. ಸಿ ಗೆರೆಯಲ್ಲಿ ಇಲಿಯ ಆಂಟಿಬಾಡಿಯನ್ನೇ ಹಿಡಿಯುವ ಇನ್ನೊಂದು ಆಂಟಿಬಾಡಿ ಕಾದಿರುತ್ತದೆ. ಹಾಗಾಗಿ ಸಿ ಗೆರೆ ಹೇಳುವುದು ಇಷ್ಟೇ: ದ್ರವ ಹರಿಯಿತು, ಕಣಗಳು ಇಲ್ಲಿಯವರೆಗೆ ಬಂದವು. ರಕ್ತ ಸಾಕಷ್ಟಿತ್ತಾ, ಬಫರ್ ಸರಿಯಿತ್ತಾ ಅಂತ ಅದು ಹೇಳುವುದಿಲ್ಲ.

ಬಫರ್ ಕಡಿಮೆಯಾದರೆ, ರಕ್ತ ಹೆಪ್ಪುಗಟ್ಟಿದ್ದರೆ, ಪೊಟ್ಟಣದೊಳಗೆ ತೇವ ಸೇರಿದ್ದರೆ ಹರಿವೇ ನಿಲ್ಲಬಹುದು. ಆಗ ಸಿ ಗೆರೆ ಬರುವುದಿಲ್ಲ, ತಪ್ಪು ಕಣ್ಣಿಗೆ ಬೀಳುತ್ತದೆ. ನನಗೆ ಜಾಸ್ತಿ ಭಯ ಹುಟ್ಟಿಸುವುದು ಕಣ್ಣಿಗೆ ಬೀಳದ ತಪ್ಪುಗಳು. 1990ರ ದಶಕದ ಕೊನೆಯಲ್ಲೇ ಒಂದು ಸಿಕ್ಕಿತು. ಸಂಧಿವಾತ ಇರುವ ಹಲವರ ರಕ್ತದಲ್ಲಿ ರುಮಟಾಯ್ಡ್ ಫ್ಯಾಕ್ಟರ್ ಎಂಬ ಆಂಟಿಬಾಡಿ ಇರುತ್ತದೆ. ಅದು ಟಿ ಗೆರೆಗೂ ಚಿನ್ನದ ಕಣಕ್ಕೂ ನಡುವೆ ತಾನೇ ಸೇತುವೆಯಾಗುತ್ತಿತ್ತು. ಮಲೇರಿಯಾ ಇಲ್ಲದೆಯೇ ಗೆರೆ! ತಯಾರಕರು ಇಂಥ ಅಡ್ಡಿಗಳನ್ನು ಹೀರಿಕೊಳ್ಳುವ ವಸ್ತುಗಳನ್ನು ಪಟ್ಟಿಗೆ ಸೇರಿಸಬೇಕಾಯಿತು.

2010ರಲ್ಲಿ ಬೆಲ್ಜಿಯಂನ ಸಂಶೋಧಕರು ಇನ್ನೊಂದನ್ನು ತೋರಿಸಿದರು. ಬಫರ್ ಮುಗಿದಾಗ ನೀರನ್ನೋ ಸಲೈನನ್ನೋ ಹಾಕುವುದು ಸಣ್ಣ ವಿಷಯ ಅನ್ನಿಸುತ್ತದೆ, ಅಲ್ವಾ? ಹಾಗೆ ಮಾಡಿದಾಗ ಮಲೇರಿಯಾ ಇಲ್ಲದ ರಕ್ತದಲ್ಲೂ ಟಿ ಗೆರೆ ಮೂಡಿತು. 2021ರಲ್ಲಿ ಬ್ರಿಟನ್ನಿನ ಮಕ್ಕಳು ಕೋವಿಡ್ ಕಿಟ್‌ಗೆ ಹಣ್ಣಿನ ರಸ, ಕೋಲಾ ಸುರಿದು ಪಾಸಿಟಿವ್ ಗೆರೆ ಬರಿಸಿದ್ದರ ಹಿಂದೆಯೂ ಇಂಥದ್ದೇ ಕಾರಣವಿತ್ತು. ಆಮ್ಲ ಸೇರಿದಾಗ ಬಫರ್ ಕಾಪಾಡಬೇಕಾದ ಹದ ಕೆಡುತ್ತದೆ, ಆಂಟಿಬಾಡಿಗಳು ಸುಮ್ನೆ ಅಂಟಿಕೊಳ್ಳುತ್ತವೆ.

ತಿರುಗುಮುರುಗೂ ಆಗುತ್ತದೆ. ರಕ್ತದಲ್ಲಿ ಪರಾವಲಂಬಿ ವಿಪರೀತ ಇದ್ದರೆ ಎಚ್‌ಆರ್‌ಪಿ-2 ತುಂಬಿ ತುಳುಕುತ್ತದೆ. ಕಣಗಳೂ ಭರ್ತಿ, ಗೆರೆಯೂ ಭರ್ತಿ. ಎರಡೂ ಒಂದನ್ನೊಂದು ಹಿಡಿಯಲಾಗದೆ ಟಿ ಗೆರೆ ಮಸುಕಾಗುತ್ತದೆ. ಹೆಚ್ಚು ಕಾಯಿಲೆ ಬಿದ್ದವರಿಗೇ ಹೀಗಾಗಬಹುದು ಅನ್ನುವುದು ಸಂಕಟದ ಮಾತು.

ವಿಶ್ವ ಆರೋಗ್ಯ ಸಂಸ್ಥೆ 2008ರಲ್ಲಿ ಮಲೇರಿಯಾ ಕಿಟ್‌ಗಳನ್ನು ಒಟ್ಟಿಗೆ ಪರೀಕ್ಷಿಸಲು ಶುರುಮಾಡಿತು. ಇನ್‌ವ್ಯಾಲಿಡ್ ಫಲಿತಾಂಶ 5 ಶೇಕಡಾಕ್ಕಿಂತ ಕಡಿಮೆ ಇರಬೇಕೆಂಬುದು ಕಿಟ್ ಆರಿಸುವ ಅಳತೆಗಳಲ್ಲಿ ಒಂದಾಯಿತು. ಒಳ್ಳೆಯ ಕಿಟ್‌ಗೂ ಆಗೊಮ್ಮೆ ಈಗೊಮ್ಮೆ ಸಿ ಗೆರೆ ತಪ್ಪುತ್ತದೆ ಅಂತಾಯಿತು. ಆಗ ಮಾಡಬೇಕಾದ್ದು: ಹೊಸ ಪೊಟ್ಟಣ, ಹೊಸದಾಗಿ ತೆಗೆದ ರಕ್ತ, ಆ ಪೊಟ್ಟಣದ ಡಬ್ಬಿಯಲ್ಲೇ ಬಂದ ಬಫರ್. ಎರಡನೇ ಸಲವೂ ಗೆರೆ ಬರಲಿಲ್ಲವೋ, ಗಾಜಿನ ಮೇಲೆ ರಕ್ತ ಲೇಪಿಸಿ ಮೈಕ್ರೋಸ್ಕೋಪ್‌ಗೆ ಕಳಿಸಿ.